ಸೇರುವುದು ಇಷ್ಟ, ಲೆಕ್ಕ ಕೊಡುವುದು ಕರಾರು

ನಂಜನಗೂಡು ತಾಲ್ಲೂಕಿನ ದೇವನೂರಿನ ಹೆಸರು ಕೇಳದವರು ಈ ಸೀಮೆಯಲ್ಲಿ ಕಡಿಮೆ. ಕೆಲವರಿಗೆ ಅದು ಗುರುಮಲ್ಲೇಶ್ವರ ದಾಸೋಹ ಮಠದ ಊರು. ಓದುವ ಹವ್ಯಾಸದವರಿಗೆ ಸಾಹಿತಿ ದೇವನೂರ ಮಹಾದೇವ ಅವರ ಊರು. ಒಂದು ಕಡೆ ನಂಜನಗೂಡು, ಇನ್ನೊಂದು ಕಡೆ ತಿರುಮಕೂಡಲು ನರಸೀಪುರ. ಸುತ್ತಮುತ್ತ ಕಪಿಲೆಯ ನೀರು ಕುಡಿದು ಬೆಳೆಯುವ ಭತ್ತ, ಕಬ್ಬು, ಬಾಳೆ. ಈ ಸೀಮೆಯ ಹಳ್ಳಿಗಳಿಗೆ ಕೆಲವು ವರ್ಷಗಳಿಂದ ಒಂದು ಬಗೆಯ ಆಹ್ವಾನ ಬರುತ್ತಲೇ ಇದೆ. ಮನೆಯ ಮೇಲೆ ಸೋಲಾರ್ ಹಾಕಿಸಿ. ಪಂಪ್‌ಸೆಟ್ಟಿಗೆ ಬಿಸಿಲಿನ ಕರೆಂಟ್ ಕೊಡಿಸಿ. ಕಾರ್ಖಾನೆಯವರು ಹಸಿರು ವಿದ್ಯುತ್ ಕೊಳ್ಳಿ. ಬಲವಂತ ಇಲ್ಲ, ಇಷ್ಟ ಇದ್ದವರು ಸೇರಿ.

ಸೇರಿದ ಮೇಲೆ ಫಾರಂ ಶುರುವಾಗುತ್ತದೆ. ಆರ್‌.ಆರ್. ನಂಬರ್ ಏನು? ಎಷ್ಟು ಕಿಲೋವ್ಯಾಟ್? ಎಷ್ಟು ಯೂನಿಟ್ ಬಂತು? ಎಷ್ಟು ಮನೆಯಲ್ಲೇ ಖರ್ಚಾಯಿತು? ಫೋಟೊ ಎಲ್ಲಿ, ರಸೀದಿ ಎಲ್ಲಿ?

ಆಗ ಒಂದು ಪ್ರಶ್ನೆ ಏಳುತ್ತದೆ. ಸ್ವಂತ ಇಷ್ಟದಿಂದ ಸೇರಿದ್ದಕ್ಕೆ ಸರ್ಕಾರಕ್ಕೆ ಲೆಕ್ಕ ಯಾಕೆ ಒಪ್ಪಿಸಬೇಕು? ಕೇಳುಗರೇ, ಇವತ್ತಿನ ಮಾತು ಈ ಒಂದು ಪ್ರಶ್ನೆಯ ಸುತ್ತ.

ಉತ್ತರದ ಅರ್ಧ ಭಾಗ ಊರಿನ ಹಾಲಿನ ಡೇರಿಯಲ್ಲೇ ಇದೆ. ಡೇರಿಗೆ ಹಾಲು ಹಾಕಲೇಬೇಕೆಂದು ಕಾನೂನಿಲ್ಲ. ಹಾಕಿದರೆ ಮಾತ್ರ ಅಳತೆ ಆಗುತ್ತದೆ, ಡಿಗ್ರಿ ನೋಡುತ್ತಾರೆ, ಪುಸ್ತಕಕ್ಕೆ ಏರಿಸುತ್ತಾರೆ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಬರುವುದು ಆ ಪುಸ್ತಕದ ಲೆಕ್ಕದ ಮೇಲೆ. ಅದನ್ನು ಯಾರೂ ಬಲವಂತ ಎನ್ನುವುದಿಲ್ಲ. ಇಂಧನದ ಯೋಜನೆಗಳ ಕ್ರಮವೂ ಇದೇ. ಉತ್ತರದ ಉಳಿದರ್ಧ ಲೆಕ್ಕ ಕೇಳುವವರ ಕಡೆಗೆ ಸೇರಿದ್ದು. ಅದಕ್ಕೆ ಕೊನೆಯಲ್ಲಿ ಬರೋಣ.

ಮೊದಲು ಮನೆಯಿಂದ ಶುರು ಮಾಡೋಣ.

2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯ ಘರ್ ಯೋಜನೆ ಆರಂಭಿಸಿತು. ದೇಶದ 1 ಕೋಟಿ ಮನೆಗಳ ಮೇಲೆ ಸೋಲಾರ್ ಹಾಕಿಸುವ ಗುರಿ. ಅದಕ್ಕೆ ಎತ್ತಿಟ್ಟ ಹಣ ಸುಮಾರು 75,000 ಕೋಟಿ ರೂಪಾಯಿ. ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ದೊಡ್ಡದಕ್ಕೆ 78,000 ರೂಪಾಯಿ ಸಹಾಯಧನ. ಒಂದು ಕಿಲೋವ್ಯಾಟ್ ಎಂದರೆ ತಿಂಗಳಿಗೆ ಹೆಚ್ಚುಕಡಿಮೆ 100ರಿಂದ 120 ಯೂನಿಟ್. ಮಳೆಗಾಲದಲ್ಲಿ ಇಳಿಯುತ್ತದೆ, ಬೇಸಿಗೆಯಲ್ಲಿ ಏರುತ್ತದೆ.

ದೇವನೂರಿನಂಥ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಆರ್‌ಸಿಸಿ ಮನೆ, ಮೇಲೆ ಮರದ ನೆರಳಿಲ್ಲ. ಮನೆಯವರು ಮೂರು ಕಿಲೋವ್ಯಾಟ್ ಹಾಕಿಸುತ್ತಾರೆ. ಮೊದಲು ರಾಷ್ಟ್ರೀಯ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ರಾಜ್ಯ ಯಾವುದು, ಕರೆಂಟ್ ಕೊಡುವ ಕಂಪನಿ ಯಾವುದು, ಗ್ರಾಹಕ ಸಂಖ್ಯೆ ಏನು ಎಂದು ಬರೆಯಬೇಕು. ಇಲ್ಲಿ ಕಂಪನಿ ಎಂದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಜನರ ಬಾಯಲ್ಲಿ ಸೆಸ್ಕ್. ಮೈಸೂರು, ಚಾಮರಾಜನಗರ, ಮಂಡ್ಯ, ಹಾಸನ, ಕೊಡಗು, ಈ ಐದು ಜಿಲ್ಲೆಗಳಿಗೆ ಕರೆಂಟ್ ಹಂಚುವ ನಿಗಮ ಅದು. ನೋಂದಾಯಿತ ಮಾರಾಟಗಾರರಿಂದಲೇ ಪ್ಯಾನಲ್ ಕೊಳ್ಳಬೇಕು. ಕೂರಿಸಿದ ಮೇಲೆ ಅದರ ವಿವರ ಪೋರ್ಟಲ್‌ಗೆ ಏರಿಸಬೇಕು, ಫೋಟೊ ಸಮೇತ. ನಿಗಮದವರು ಬಂದು ನೋಡಿ ನೆಟ್ ಮೀಟರ್ ಹಾಕುತ್ತಾರೆ. ಚಾಲನೆಯ ವರದಿ ಸಿದ್ಧವಾಗುತ್ತದೆ. ಬ್ಯಾಂಕ್ ಖಾತೆಯ ವಿವರ ಕೊಟ್ಟ ಮೇಲೆ ಸಹಾಯಧನ ಬರುತ್ತದೆ.

ಇದರಲ್ಲಿ ಒಂದು ವಿವರ ಜನರಿಗೆ ವಿಚಿತ್ರವಾಗಿ ಕಾಣಬಹುದು. ಪ್ರತಿ ಪ್ಯಾನಲ್ಲಿನ ಕ್ರಮಸಂಖ್ಯೆಯನ್ನೂ ಕೇಳುತ್ತಾರೆ. ಯಾಕೆ? ಸಹಾಯಧನ ಸಿಗುವುದು ದೇಶದೊಳಗೆ ತಯಾರಾದ ಪ್ಯಾನಲ್ಲಿಗೆ ಮಾತ್ರ. ಹೊರಗಿನ ಅಗ್ಗದ ಮಾಲು ತಂದು ದೇಶೀಯ ಎಂದು ಬರೆಸಿದರೆ ಹಿಡಿಯುವ ದಾರಿ ಆ ಸಂಖ್ಯೆಯೇ. ಜೊತೆಗೆ, ಐದು ವರ್ಷ ನಿರ್ವಹಣೆ ನೋಡಿಕೊಳ್ಳುವುದು ಮಾರಾಟಗಾರರ ಹೊಣೆ. ಮೂರನೆಯ ವರ್ಷ ಪ್ಯಾನಲ್ ಕೆಟ್ಟರೆ ‘ಇದು ನಾವು ಕೊಟ್ಟದ್ದಲ್ಲ’ ಎಂದು ಅವರು ಜಾರಿಕೊಳ್ಳಲು ಆಗುವುದಿಲ್ಲ. ಅಂದರೆ ಈ ಲೆಕ್ಕ ಸರ್ಕಾರಕ್ಕೆ ಎಷ್ಟು ಬೇಕೋ ಮನೆಯ ಯಜಮಾನಿಗೂ ಅಷ್ಟೇ ಬೇಕು.

ನೆಟ್ ಮೀಟರ್ ಎರಡು ಅಂಕಿ ತೋರಿಸುತ್ತದೆ. ಲೈನಿನಿಂದ ಮನೆಗೆ ಎಷ್ಟು ಬಂತು ಎಂಬುದು ಒಂದು. ಮನೆಯಿಂದ ಲೈನಿಗೆ ಎಷ್ಟು ಹೋಯಿತು ಎಂಬುದು ಇನ್ನೊಂದು. ಪ್ಯಾನಲ್ ಒಟ್ಟು ಎಷ್ಟು ಹುಟ್ಟಿಸಿತು ಎಂಬುದನ್ನು ನೋಡಬೇಕಾದರೆ ಗೋಡೆಯ ಮೇಲಿನ ಇನ್ವರ್ಟರ್ ನೋಡಬೇಕು. ಈ ಮೂರು ಅಂಕಿಗಳನ್ನು ತಿಂಗಳಿಗೊಮ್ಮೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಮನೆಗೆ ಪ್ಯಾನಲ್ ಮೇಲೆ ಧೂಳು ಕೂತದ್ದು ಬಿಲ್ ಬರುವ ಮೊದಲೇ ಗೊತ್ತಾಗುತ್ತದೆ.

ಇದೇ ಯೋಜನೆಯಲ್ಲಿ ಊರಿಗೂ ಒಂದು ಪಂದ್ಯ ಇದೆ. ಜಿಲ್ಲೆಗೊಂದು ಮಾದರಿ ಸೌರ ಗ್ರಾಮ. ಸಾಮಾನ್ಯ ರಾಜ್ಯಗಳಲ್ಲಿ 5,000ಕ್ಕಿಂತ ಹೆಚ್ಚು ಜನ ಇರುವ ಊರುಗಳು ಸ್ಪರ್ಧಿಸಬಹುದು. ಆರು ತಿಂಗಳು ಕಳೆದ ಮೇಲೆ ಯಾವ ಊರಿನಲ್ಲಿ ನವೀಕರಿಸಬಹುದಾದ ಇಂಧನದ ಸಾಮರ್ಥ್ಯ ಹೆಚ್ಚಿದೆಯೋ ಆ ಊರಿಗೆ 1 ಕೋಟಿ ರೂಪಾಯಿ. ಗೆಲ್ಲಿಸುವುದು ದಾಖಲೆಗೆ ಬಂದ ಕಿಲೋವ್ಯಾಟ್. ಮನೆಯ ಮೇಲೆ ಪ್ಯಾನಲ್ ಇದ್ದು ಕಾಗದದಲ್ಲಿ ಇಲ್ಲದಿದ್ದರೆ ಪಂದ್ಯದಲ್ಲಿ ಅದು ಇಲ್ಲದಂತೆಯೇ.

ಮನೆಯ ಮಾತು ಇಲ್ಲಿಗೆ ನಿಲ್ಲಿಸೋಣ. ಇದುವರೆಗೆ ಹೇಳಿದ್ದು ಇಷ್ಟು: ಸೇರುವುದು ಇಷ್ಟ, ಆದರೆ ಸರ್ಕಾರದ ಹಣ ಬರುವ ಕಡೆ ಲೆಕ್ಕವೂ ಬರುತ್ತದೆ, ಮತ್ತು ಆ ಲೆಕ್ಕ ಕೊಟ್ಟವರಿಗೂ ಉಪಯೋಗಕ್ಕೆ ಬರುತ್ತದೆ. ಇನ್ನು ಹೊಲಕ್ಕೆ ಹೋಗೋಣ.

ಹೊಲದ ಪಂಪ್‌ಸೆಟ್ಟಿನ ಮೇಲೆ ಕೆಲವೊಮ್ಮೆ ನಕ್ಷತ್ರಗಳಿರುವ ಚೀಟಿ ಅಂಟಿಸಿರುತ್ತಾರೆ. ಒಂದರಿಂದ ಐದು ನಕ್ಷತ್ರ. ಹೆಚ್ಚು ನಕ್ಷತ್ರ ಇದ್ದರೆ ಅದೇ ನೀರಿಗೆ ಕಡಿಮೆ ಕರೆಂಟ್. ಈ ಸ್ಟಾರ್ ಲೇಬಲ್ ಕ್ರಮವನ್ನು 2006ರಲ್ಲಿ ಆರಂಭಿಸಿದ್ದು ಕೇಂದ್ರದ ಇಂಧನ ದಕ್ಷತಾ ಬ್ಯೂರೊ. ಫ್ರಿಡ್ಜ್, ಏಸಿಯಂಥ ವಸ್ತುಗಳಿಗೆ ಲೇಬಲ್ ಕಡ್ಡಾಯವಾಯಿತು. ಕೃಷಿ ಪಂಪ್‌ಸೆಟ್ಟಿಗೆ ಅದು ತಯಾರಕರ ಇಷ್ಟಕ್ಕೆ ಬಿಟ್ಟದ್ದಾಗಿ ಬಂತು. ಇಷ್ಟಕ್ಕೆ ಬಿಟ್ಟದ್ದಾದರೂ ನಕ್ಷತ್ರ ಬೇಕೆಂದ ಕಂಪನಿ ಪ್ರಯೋಗಾಲಯದ ಪರೀಕ್ಷಾ ವರದಿ ಕೊಡಬೇಕು. ಎಷ್ಟು ಪಂಪ್ ತಯಾರಾಯಿತು ಎಂದು ಹೇಳಬೇಕು. ಪ್ರತಿ ಪಂಪಿಗೂ ಲೇಬಲ್ ಶುಲ್ಕ ಕಟ್ಟಬೇಕು. ಬ್ಯೂರೊ ಅಂಗಡಿಯಿಂದಲೇ ಒಂದು ಪಂಪ್ ತೆಗೆದುಕೊಂಡು ಹೋಗಿ ಮತ್ತೆ ಪರೀಕ್ಷೆ ಮಾಡಿಸಬಹುದು. ನಂಜನಗೂಡಿನ ಅಂಗಡಿಯಲ್ಲಿ ನಿಂತು ಐದು ನಕ್ಷತ್ರ ನೋಡಿ ದುಡ್ಡು ಎಣಿಸುವ ರೈತನ ಬೆನ್ನಿಗೆ ಇರುವುದು ಈ ವರದಿಗಳೇ.

ಆದರೆ ಪಂಪ್ ಹೊಲಕ್ಕೆ ಇಳಿದ ಮೇಲೆ ಲೆಕ್ಕದ ಎಳೆ ಹರಿಯುತ್ತದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಅಂಥ ಪಂಪ್‌ಸೆಟ್ಟುಗಳು ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು. ಬಹುಪಾಲಿಗೆ ಮೀಟರ್ ಇಲ್ಲ. ಹಾಗಾದರೆ ರೈತರು ಬಳಸಿದ ಕರೆಂಟ್ ಎಷ್ಟು? ಅದನ್ನು ಫೀಡರಿನ, ಟ್ರಾನ್ಸ್‌ಫಾರ್ಮರಿನ ಮೀಟರ್ ನೋಡಿ ಅಂದಾಜು ಮಾಡುತ್ತಾರೆ. ಆ ಅಂದಾಜಿನ ಮೇಲೆ ಸರ್ಕಾರ ನಿಗಮಗಳಿಗೆ ಸಾವಿರಾರು ಕೋಟಿ ರೂಪಾಯಿ ಸಬ್ಸಿಡಿ ತುಂಬಿಕೊಡುತ್ತದೆ. ಮೀಟರ್ ಹಾಕಿ ಎಂದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗಮಗಳಿಗೆ ಮತ್ತೆ ಮತ್ತೆ ಹೇಳುತ್ತ ಬಂದಿದೆ.

2024ರಲ್ಲಿ ಪಂಪ್‌ಸೆಟ್ಟಿನ ಆರ್‌.ಆರ್. ನಂಬರಿಗೆ ಆಧಾರ್ ಜೋಡಿಸಿ ಎಂದು ನಿಗಮಗಳು ಕೇಳಿದವು. ರೈತ ಸಂಘಟನೆಗಳು ವಿರೋಧಿಸಿದವು. ಇವತ್ತು ಆಧಾರ್ ಕೇಳುತ್ತಾರೆ, ನಾಳೆ ಮೀಟರ್ ಹಾಕುತ್ತಾರೆ, ನಾಡಿದ್ದು ಬಿಲ್ ಕಳಿಸುತ್ತಾರೆ ಎಂಬ ಅಂಜಿಕೆ ಅದರ ಹಿಂದಿತ್ತು. ಅಂಜಿಕೆ ಸರಿಯೋ ತಪ್ಪೋ, ಅದರಲ್ಲೊಂದು ಪಾಠ ಇದೆ. ಕೊಟ್ಟ ಮಾಹಿತಿ ಮುಂದೆ ಯಾವುದಕ್ಕೆ ಬಳಕೆಯಾಗುತ್ತದೆ ಎಂದು ತಿಳಿಸದೆ ಕೇಳಿದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ.

2019ರಲ್ಲಿ ಬಂದ ಪಿಎಂ ಕುಸುಮ್ ಯೋಜನೆ ಈ ಗಂಟನ್ನು ಸ್ವಲ್ಪ ಬೇರೆ ಕಡೆಯಿಂದ ಬಿಡಿಸುತ್ತದೆ. ಅದರ ಒಂದು ಭಾಗದಲ್ಲಿ ಕೃಷಿ ಫೀಡರಿಗೇ, ಸಬ್‌ಸ್ಟೇಷನ್ ಹತ್ತಿರವೇ, ಸೋಲಾರ್ ಘಟಕ ಹಾಕುತ್ತಾರೆ. ಹಗಲು ಹೊತ್ತು ರೈತರಿಗೆ ಬಿಸಿಲಿನ ಕರೆಂಟ್. ಘಟಕದ ಬಾಯಲ್ಲಿ ಮೀಟರ್ ಇರುತ್ತದೆ. ಒಬ್ಬೊಬ್ಬ ರೈತನ ಹೊಲಕ್ಕೆ ಹೋಗದೆ ಇಡೀ ಫೀಡರಿನ ಲೆಕ್ಕ ಒಂದು ಕಡೆ ಸಿಗುತ್ತದೆ. ಯಾರ ಹೊಲದಲ್ಲಿ ಎಷ್ಟು ಎಂಬುದು ಗೊತ್ತಾಗದಿದ್ದರೂ ಎಷ್ಟು ಸೋಲಾರ್ ಹುಟ್ಟಿತು ಎಂಬುದು ಖಚಿತವಾಗಿ ಗೊತ್ತಾಗುತ್ತದೆ.

ಹೀಗೆ ಮನೆಯಲ್ಲಿ ಲೆಕ್ಕ ಇದೆ, ಹೊಲದಲ್ಲಿ ಅಂದಾಜು ಇದೆ. ಮೂರನೆಯದು ಕಾರ್ಖಾನೆ. ಅಲ್ಲಿ ಲೆಕ್ಕ ಬೇಕಾದಷ್ಟಿದೆ, ಹಾಗಾಗಿ ತೊಂದರೆಯೂ ಬೇರೆ ಥರದ್ದು.

ಮೈಸೂರಿನಿಂದ ನಂಜನಗೂಡಿಗೆ ಬರುವ ದಾರಿಯಲ್ಲೇ ಟಿವಿಎಸ್ ಮೋಟಾರ್ ಕಾರ್ಖಾನೆ. ನಂಜನಗೂಡಿನಲ್ಲಿ 1989ರಿಂದ ನೆಸ್ಲೆ. ಇಮ್ಮಾವಿನ ಕಡೆ 2018ರಲ್ಲಿ ಶುರುವಾದ ಏಷ್ಯನ್ ಪೇಂಟ್ಸ್. ಅಳಗಂಚಿಯಲ್ಲಿ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆ. ಕಬ್ಬಿನ ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆಯನ್ನು ಉರಿಸಿ ಅಲ್ಲಿ ಕರೆಂಟ್ ಮಾಡುತ್ತಾರೆ.

ಇಂಥ ದೊಡ್ಡ ಬಳಕೆದಾರರಿಗೆ ಹಸಿರು ವಿದ್ಯುತ್ತಿನ ದಾರಿಗಳು ಹಲವು. ಒಂದು ಹಸಿರು ದರ. ಎಚ್‌.ಟಿ., ಅಂದರೆ ಹೆಚ್ಚು ವೋಲ್ಟೇಜಿನ ಸಂಪರ್ಕದ ಉದ್ಯಮಗಳು ಬಯಸಿದರೆ ಮಾಮೂಲಿ ದರದ ಮೇಲೆ ಯೂನಿಟ್ಟಿಗೆ 50 ಪೈಸೆ ಹೆಚ್ಚು ಕೊಟ್ಟು ನವೀಕರಿಸಬಹುದಾದ ಮೂಲದ ವಿದ್ಯುತ್ ಪಡೆಯಬಹುದು ಎಂಬ ಅವಕಾಶವನ್ನು ಆಯೋಗ ತನ್ನ ದರ ಆದೇಶಗಳಲ್ಲಿ ಇಟ್ಟಿತು. ಎರಡನೆಯದು ಸ್ವಂತ ಬಳಕೆಯ ಘಟಕದಲ್ಲಿ ಪಾಲು ತೆಗೆದುಕೊಳ್ಳುವುದು. 2005ರ ವಿದ್ಯುತ್ ನಿಯಮಗಳ ಪ್ರಕಾರ ಬಳಕೆದಾರರ ಪಾಲು ಕನಿಷ್ಠ 26 ಪರ್ಸೆಂಟ್ ಇರಬೇಕು. ವರ್ಷದ ಉತ್ಪಾದನೆಯಲ್ಲಿ ಕನಿಷ್ಠ 51 ಪರ್ಸೆಂಟನ್ನು ಅವರೇ ಬಳಸಬೇಕು. ವರ್ಷದ ಕೊನೆಗೆ ಇದನ್ನು ಸಾಬೀತು ಮಾಡಲಾಗದಿದ್ದರೆ ರಿಯಾಯಿತಿ ಹೋಗುತ್ತದೆ, ಹೆಚ್ಚುವರಿ ಶುಲ್ಕ ಬೀಳುತ್ತದೆ. ಮೂರನೆಯದು ಪ್ರಮಾಣಪತ್ರ. 2010ರಿಂದ ದೇಶದಲ್ಲಿ ಇದೆ. ಹಸಿರು ಮೂಲದಿಂದ 1,000 ಯೂನಿಟ್ ಹುಟ್ಟಿದರೆ ಒಂದು ಪ್ರಮಾಣಪತ್ರ. ಇಂತಿಷ್ಟು ಪಾಲು ಹಸಿರು ವಿದ್ಯುತ್ ಇರಲೇಬೇಕೆಂಬ ನಿಯಮ ಪೂರೈಸಲು ಕೊಳ್ಳುವವರಿದ್ದಾರೆ, ತಾವಾಗಿಯೇ ಕೊಳ್ಳುವವರೂ ಇದ್ದಾರೆ.

ಇಲ್ಲಿ ವರದಿ ಯಾಕೆ ಬೇಕು ಎಂಬುದಕ್ಕೆ ಬಹಳ ಸರಳ ಕಾರಣ ಇದೆ. ಲೈನಿನಲ್ಲಿ ಹರಿಯುವ ಕರೆಂಟಿಗೆ ಬಣ್ಣ ಇಲ್ಲ. ಪಾವಗಡದ ಬಿಸಿಲಿನದ್ದೋ ರಾಯಚೂರಿನ ಕಲ್ಲಿದ್ದಲಿನದ್ದೋ ಎಂದು ಬಲ್ಬು ಹೇಳುವುದಿಲ್ಲ. ಒಂದು ಸೋಲಾರ್ ಘಟಕ ತನ್ನ 1,000 ಯೂನಿಟ್ಟಿನ ಪ್ರಮಾಣಪತ್ರವನ್ನು ಒಬ್ಬರಿಗೆ ಮಾರಿತು ಎನ್ನಿ. ಅದೇ 1,000 ಯೂನಿಟ್ಟನ್ನು ತನ್ನ ಹಸಿರು ಸಾಧನೆ ಎಂದು ಇನ್ನೊಂದು ಕಂಪನಿ ಬರೆದುಕೊಂಡಿತು ಎನ್ನಿ. ಒಂದೇ ಬಿಸಿಲು ಎರಡು ಸಲ ಎಣಿಕೆಯಾಯಿತು. ಇದನ್ನು ತಡೆಯುವುದು ಯಾರು ಹುಟ್ಟಿಸಿದರು, ಯಾವ ತಿಂಗಳು, ಯಾರ ಹೆಸರಿಗೆ ಹೋಯಿತು ಎಂಬ ದಾಖಲೆ ಮಾತ್ರ.

ಈಗ ಕಾರ್ಖಾನೆಯ ಕಚೇರಿಯೊಳಗೆ ಕೂತ ಗುಮಾಸ್ತರ ಮೇಜನ್ನು ನೆನೆಯಿರಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಪರಿಸರ ವಿವರಣಾ ಪಟ್ಟಿ ಹೋಗಬೇಕು. ವಿದ್ಯುತ್ ಪರಿವೀಕ್ಷಣಾಲಯಕ್ಕೆ ಜನರೇಟರಿನ ಲೆಕ್ಕ. ಸೆಸ್ಕ್‌ಗೆ ಸ್ವಂತ ಬಳಕೆಯ ಪುರಾವೆ. ಕಂಪನಿ ಷೇರು ಮಾರುಕಟ್ಟೆಯಲ್ಲಿದ್ದರೆ ಸೆಬಿಗೂ ವರದಿ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳು ತಮ್ಮ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕೊಡಲೇಬೇಕು. ಇದು ಶುರುವಾದದ್ದು 2021-22ರಲ್ಲಿ, ಇಷ್ಟವಿದ್ದವರು ಕೊಡಿ ಎಂದು. ಮರುವರ್ಷವೇ ಕಡ್ಡಾಯವಾಯಿತು. ನವೀಕರಿಸಬಹುದಾದ ಮೂಲದಿಂದ ಎಷ್ಟು, ಉಳಿದ ಮೂಲದಿಂದ ಎಷ್ಟು ಎಂದು ಅದರಲ್ಲಿ ಬೇರೆಬೇರೆಯಾಗಿ ಬರೆಯಬೇಕು. ಒಬ್ಬರು ಯೂನಿಟ್ಟಿನಲ್ಲಿ ಕೇಳುತ್ತಾರೆ, ಇನ್ನೊಬ್ಬರು ಜೌಲಿನಲ್ಲಿ ಕೇಳುತ್ತಾರೆ. ಮೀಟರ್ ಒಂದೇ, ಫಾರಂ ನಾಲ್ಕು.

ಇಷ್ಟೆಲ್ಲ ಬರೆದರೂ ನಂಜನಗೂಡಿನವರಿಗೆ ಬೇಕಾದ ಒಂದು ಅಂಕಿ ಸಿಗುವುದು ಕಷ್ಟ. ಸೆಬಿಗೆ ಹೋಗುವ ವರದಿ ಇಡೀ ಕಂಪನಿಯದ್ದು. ದೇಶದ ಎಲ್ಲ ಕಾರ್ಖಾನೆಗಳ ಮೊತ್ತ ಅದರಲ್ಲಿ ಸೇರಿ ಹೋಗಿರುತ್ತದೆ. ಕಪಿಲೆಯ ದಡದ ಈ ಒಂದು ಕಾರ್ಖಾನೆ ಎಷ್ಟು ಹಸಿರು ಕರೆಂಟ್ ಬಳಸಿತು ಎಂದು ಆ ಪುಟಗಳಿಂದ ತಿಳಿಯುವುದಿಲ್ಲ.

ಮನೆ, ಹೊಲ, ಕಾರ್ಖಾನೆ ಮೂರೂ ಆಯಿತು. ಒಂದರಲ್ಲಿ ಲೆಕ್ಕ ಕೊಟ್ಟವರಿಗೆ ತಿರುಗಿ ಉಪಯೋಗವಿದೆ, ಒಂದರಲ್ಲಿ ಬರೀ ಅಂದಾಜು, ಒಂದರಲ್ಲಿ ಒಂದೇ ಲೆಕ್ಕ ನಾಲ್ಕು ಸಲ. ಇನ್ನು ಲೆಕ್ಕವನ್ನೇ ನೆಚ್ಚಿಕೊಂಡು ನಡೆದ ಎರಡು ಕೆಲಸಗಳ ಕಥೆ ಕೇಳಿ. ಒಂದು ಬಾಗೇಪಲ್ಲಿಯದು, ಇನ್ನೊಂದು ನೆರೆಯ ಮಳವಳ್ಳಿಯದು.

1997ರ ಕ್ಯೋಟೊ ಒಪ್ಪಂದದಲ್ಲಿ ಒಂದು ವ್ಯವಸ್ಥೆ ಇತ್ತು, ಸ್ವಚ್ಛ ಅಭಿವೃದ್ಧಿ ವ್ಯವಸ್ಥೆ ಎಂದು. ಬಡ ದೇಶದಲ್ಲಿ ಯಾರಾದರೂ ಹೊಗೆ ಕಡಿಮೆ ಮಾಡಿದರೆ, ಕಡಿಮೆಯಾದ ಪ್ರತಿ ಟನ್ನಿಗೆ ಶ್ರೀಮಂತ ದೇಶದವರು ದುಡ್ಡು ಕೊಟ್ಟು ಅದನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಬಹುದು. ಸೇರುವುದು ಪೂರ್ತಿ ಇಷ್ಟ. ಎಷ್ಟರಮಟ್ಟಿಗೆ ಎಂದರೆ, ‘ಇವರು ಸ್ವಇಚ್ಛೆಯಿಂದ ಸೇರಿದ್ದಾರೆ’ ಎಂದು ಆಯಾ ದೇಶದ ಸರ್ಕಾರ ಕಾಗದದಲ್ಲಿ ಬರೆದುಕೊಡಬೇಕಿತ್ತು. ಭಾರತದಲ್ಲಿ ಆ ಕಾಗದ ಕೊಡಲು 2003ರ ಡಿಸೆಂಬರಿನಲ್ಲಿ ಪರಿಸರ ಸಚಿವಾಲಯದ ಅಡಿ ಒಂದು ಪ್ರಾಧಿಕಾರವೇ ಹುಟ್ಟಿತು.

ಬಾಗೇಪಲ್ಲಿ ಆಗ ಕೋಲಾರ ಜಿಲ್ಲೆಯಲ್ಲಿತ್ತು, ಈಗ ಚಿಕ್ಕಬಳ್ಳಾಪುರಕ್ಕೆ ಸೇರಿದೆ. ಮಳೆ ಕಡಿಮೆ, ಕಾಡು ಕಡಿಮೆ, ಸೌದೆಗೆ ಹೆಂಗಸರು ದೂರ ನಡೆಯಬೇಕು. ಅಲ್ಲಿನ ಬಾಗೇಪಲ್ಲಿ ಕೂಲಿ ಸಂಘ, ಆಡಟ್ಸ್ ಎಂಬ ಸಂಸ್ಥೆಯ ಜೊತೆ ಸೇರಿ, 5,500 ಮನೆಗಳಿಗೆ ಗೋಬರ್ ಗ್ಯಾಸ್ ಘಟಕ ಕಟ್ಟುವ ಯೋಜನೆ ಮಾಡಿತು. ಪ್ರತಿಯೊಂದೂ ಎರಡು ಘನ ಮೀಟರಿನದು. ದಿನಕ್ಕೆ ಸುಮಾರು 50 ಕಿಲೊ ಸಗಣಿ ಬೇಕು. ಗುಂಡಿ ನೆಲದೊಳಗೆ, ಮೇಲೆ ಇಟ್ಟಿಗೆಯ ಗುಮ್ಮಟ, ಅದರಿಂದ ಅಡುಗೆಮನೆಗೆ ಒಂದು ಸಣ್ಣ ಕೊಳವೆ. 2005ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಯೋಜನೆ ನೋಂದಣಿಯಾಯಿತು.

ಲೆಕ್ಕ ಹೇಗೆ? ಮೊದಲು ಗ್ಯಾಸ್ ಬರುವ ಮುಂಚಿನ ಸ್ಥಿತಿ ಬರೆಯಬೇಕು. ಆ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತಿತ್ತು, ಎಷ್ಟು ಸೀಮೆಎಣ್ಣೆ. ಆಮೇಲೆ ಗ್ಯಾಸ್ ಬಂದ ಮೇಲಿನ ಸ್ಥಿತಿ. ಎರಡರ ನಡುವಿನ ಅಂತರವೇ ಉಳಿತಾಯ. ಮನೆಗೆ ವರ್ಷಕ್ಕೆ ಸುಮಾರು ಮೂರೂವರೆ ಟನ್. ಎಲ್ಲ ಮನೆ ಸೇರಿ ಸುಮಾರು 19,500 ಟನ್. ಆದರೆ ಒಲೆ ಉರಿದರೆ ಮಾತ್ರ ಇದು ನಿಜ. ಹಸು ಮಾರಿದ ಮನೆ, ಗುಮ್ಮಟ ಬಿರುಕು ಬಿಟ್ಟ ಮನೆ, ಕುಟುಂಬ ಗುಳೆ ಹೋದ ಮನೆ ಲೆಕ್ಕದಿಂದ ಹೊರಗೆ ಹೋಗಬೇಕು. ಹಾಗಾಗಿ ಯಾವ ಮನೆಯ ಒಲೆ ಎಂದು ಉರಿಯಲಿಲ್ಲ ಎಂಬುದೇ ಈ ಯೋಜನೆಯ ಮುಖ್ಯ ದಾಖಲೆ. ಹೊರಗಿನ ಪರಿಶೀಲಕರು ಬಂದು ಕಾಗದವನ್ನೂ ಒಲೆಯನ್ನೂ ತಾಳೆ ನೋಡದೆ ದುಡ್ಡು ಬರುವಂತಿಲ್ಲ.

ಈ ಲೆಕ್ಕದಿಂದ ಒಂದು ಒಳ್ಳೆಯದು ಹುಟ್ಟಿತು. ದೇಶದಲ್ಲಿ ಸಬ್ಸಿಡಿಗಾಗಿ ಕಟ್ಟಿ, ವರ್ಷ ಕಳೆಯುವಷ್ಟರಲ್ಲಿ ಹಾಳುಬಿದ್ದ ಗೋಬರ್ ಗ್ಯಾಸ್ ಗುಂಡಿಗಳು ಎಷ್ಟೋ. ಕಟ್ಟಿದ್ದಕ್ಕೆ ದುಡ್ಡು ಕೊಟ್ಟರೆ ಕಟ್ಟುವವರೆಗೆ ಮಾತ್ರ ಆಸ್ಥೆ. ಬಾಗೇಪಲ್ಲಿಯಲ್ಲಿ ಉರಿದದ್ದಕ್ಕೆ ದುಡ್ಡು. ಕೆಟ್ಟ ಒಲೆಯನ್ನು ಬೇಗ ರಿಪೇರಿ ಮಾಡಿಸುವುದರಲ್ಲೇ ಎಲ್ಲರ ಲಾಭ ಇತ್ತು.

ಮಳವಳ್ಳಿಯದು ಇನ್ನೊಂದು ಬಗೆ. ಬನ್ನೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಕಿರುಗಾವಲು ಸಿಗುತ್ತದೆ. ಅಲ್ಲಿ 2001ರ ಹೊತ್ತಿಗೆ ನಾಲ್ಕೂವರೆ ಮೆಗಾವ್ಯಾಟಿನ ವಿದ್ಯುತ್ ಘಟಕ ಶುರುವಾಯಿತು. ಕಬ್ಬಿನ ತರಗು, ತೆಂಗಿನ ಗರಿ, ಹೊಲದಲ್ಲಿ ಉಳಿಯುವ ಕಸಕಡ್ಡಿಯೇ ಅದರ ಇಂಧನ. ರೈತರು ಗದ್ದೆಯಲ್ಲೇ ಸುಟ್ಟುಬಿಡುತ್ತಿದ್ದ ತರಗಿಗೆ ಬೆಲೆ ಬಂತು. ಇದೂ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಗೆ ಸೇರಿತು. ಇಲ್ಲಿ ಬರೆದಿಡಬೇಕಾದದ್ದು ಎರಡು. ತೂಕದ ಸೇತುವೆಯ ಮೇಲೆ ಹಾದ ಇಂಧನ ಎಷ್ಟು, ಮೀಟರ್ ದಾಟಿ ಲೈನಿಗೆ ಹೋದ ಕರೆಂಟ್ ಎಷ್ಟು. ಒಂದು ಕಾರ್ಖಾನೆ, ಎರಡು ಅಳತೆ. ಬಾಗೇಪಲ್ಲಿಯಲ್ಲಾದರೆ 5,500 ಅಡುಗೆಮನೆ.

ಈ ವ್ಯತ್ಯಾಸ ಮುಖ್ಯ. ಪಾಲುದಾರ ಚಿಕ್ಕವನಾದಷ್ಟೂ ಲೆಕ್ಕದ ಹೊರೆ ದೊಡ್ಡದು. ಪರಿಶೀಲಕರ ಶುಲ್ಕ, ಓಡಾಟ, ಬರಹ ಎಲ್ಲ ಟನ್ನಿನ ಬೆಲೆಯಿಂದಲೇ ಹುಟ್ಟಬೇಕು. 2008ರಲ್ಲಿ ಒಂದು ಟನ್ನಿಗೆ 20 ಯೂರೊ ಆಸುಪಾಸು ಬೆಲೆ ಇತ್ತು. 2012ರ ಕೊನೆಗೆ ಅದು ಒಂದು ಯೂರೊಗಿಂತ ಕೆಳಗೆ ಕುಸಿಯಿತು. ಬೆಲೆ ಬಿದ್ದರೂ ಫಾರಂ ಕಡಿಮೆಯಾಗಲಿಲ್ಲ. ಜಗತ್ತಿನ ಎಷ್ಟೋ ಸಣ್ಣ ಯೋಜನೆಗಳಿಗೆ ವರದಿ ಕೊಡುವ ಖರ್ಚು ವರದಿಯಿಂದ ಬರುವ ಹಣವನ್ನು ಮೀರಿತು.

ಈಗ ಭಾರತ ತನ್ನದೇ ಕಾರ್ಬನ್ ಮಾರುಕಟ್ಟೆ ಕಟ್ಟುತ್ತಿದೆ. 2023ರ ಜೂನಿನಲ್ಲಿ ಯೋಜನೆ ಪ್ರಕಟವಾಯಿತು. ಡಿಸೆಂಬರಿನಲ್ಲಿ ಅದಕ್ಕೆ ಇಷ್ಟವಿದ್ದವರು ಸೇರುವ ವಿಭಾಗವೂ ಕೂಡಿಕೊಂಡಿತು. ನಾಳೆ ಈ ಸೀಮೆಯ ಯಾವುದಾದರೂ ಸಂಘ ಅದಕ್ಕೆ ಸೇರುವುದಾದರೆ ಟನ್ನಿಗೆ ಎಷ್ಟು ಸಿಗುತ್ತದೆ ಎಂದು ಕೇಳಿದರೆ ಸಾಲದು. ಆ ಟನ್ನನ್ನು ಸಾಬೀತು ಮಾಡಲು ಎಷ್ಟು ತಗಲುತ್ತದೆ, ಅದನ್ನು ಕಟ್ಟುವವರು ಯಾರು ಎಂದೂ ಕೇಳಬೇಕು.

ಕೇಳುಗರೇ, ಇಲ್ಲಿಯವರೆಗೆ ಲೆಕ್ಕ ಕೊಡುವವರ ಮಾತಾಯಿತು. ದುಡ್ಡು, ಹೆಸರು ಅಥವಾ ರಿಯಾಯಿತಿ ಪಡೆದವರು ಲೆಕ್ಕ ಕೊಡಬೇಕು ಎಂಬುದರಲ್ಲಿ ತಕರಾರಿಲ್ಲ. ಇನ್ನು ಲೆಕ್ಕ ಕೇಳುವವರ ಸರದಿ. ಅದಕ್ಕೆ ಹೊರಗಿನ ಒಂದು ಉದಾಹರಣೆ ನೋಡೋಣ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1992ರಲ್ಲಿ ಎನರ್ಜಿ ಸ್ಟಾರ್ ಕಾರ್ಯಕ್ರಮ ಆರಂಭಿಸಿತು, 2001ರಲ್ಲಿ ಗ್ರೀನ್ ಪವರ್ ಪಾರ್ಟ್‌ನರ್‌ಶಿಪ್. ಎರಡೂ ಇಷ್ಟವಿದ್ದವರಿಗೆ. ಎರಡನೆಯದಕ್ಕೆ ಸೇರಿದ ಕಂಪನಿ, ಕಾಲೇಜು, ನಗರಸಭೆ ವರ್ಷಕ್ಕೊಮ್ಮೆ ತಾನು ಬಳಸಿದ ಕರೆಂಟಿನಲ್ಲಿ ಹಸಿರು ಎಷ್ಟು ಎಂದು ವರದಿ ಕೊಡಬೇಕು. ಕೊಟ್ಟರೆ ಪಾಲುದಾರನೆಂಬ ಗುರುತು, ಮುದ್ರೆ ಬಳಸುವ ಹಕ್ಕು.

ಆದರೆ ಅಲ್ಲಿ ಸರ್ಕಾರಕ್ಕೂ ಒಂದು ಕಟ್ಟುಪಾಡು ಇದೆ. 1980ರಲ್ಲಿ ಬಂದು 1995ರಲ್ಲಿ ತಿದ್ದುಪಡಿಯಾದ ಕಾಗದಪತ್ರ ಕಡಿತ ಕಾಯ್ದೆ. ಹತ್ತು ಅಥವಾ ಹೆಚ್ಚು ಜನರಿಂದ ಒಂದೇ ಬಗೆಯ ಮಾಹಿತಿ ಕೇಳುವ ಯಾವ ಇಲಾಖೆಯೂ ಮೊದಲು ಅಧ್ಯಕ್ಷರ ಬಜೆಟ್ ಕಚೇರಿಯ ಒಪ್ಪಿಗೆ ಪಡೆಯಬೇಕು. ಈ ಫಾರಂ ತುಂಬಲು ಒಬ್ಬರಿಗೆ ಎಷ್ಟು ಗಂಟೆ ಬೇಕು, ಎಷ್ಟು ಖರ್ಚು, ಈ ಮಾಹಿತಿ ಯಾತಕ್ಕೆ ಎಂದು ಪ್ರಕಟಿಸಬೇಕು. ಜನ ಅಭಿಪ್ರಾಯ ಹೇಳಲು ಮೊದಲು 60 ದಿನ, ಆಮೇಲೆ 30 ದಿನ. ಒಪ್ಪಿಗೆ ಸಿಕ್ಕರೂ ಹೆಚ್ಚೆಂದರೆ ಮೂರು ವರ್ಷಕ್ಕೆ. ಮುಂದುವರಿಸಬೇಕಾದರೆ ಮತ್ತೆ ಮೊದಲಿಂದ. ಒಪ್ಪಿಗೆಯ ಸಂಖ್ಯೆ ಇಲ್ಲದ ಫಾರಂಗೆ ಉತ್ತರ ಕೊಡಲಿಲ್ಲ ಎಂದು ಯಾರಿಗೂ ದಂಡ ಹಾಕುವಂತಿಲ್ಲ. ಇಷ್ಟವಿದ್ದವರು ಸೇರುವ ಇಂಧನ ಕಾರ್ಯಕ್ರಮಗಳಿಗೂ ಈ ಕ್ರಮ ಅನ್ವಯಿಸುತ್ತದೆ.

ನಮ್ಮಲ್ಲಿ ಫಾರಂನ ತಲೆಯ ಮೇಲೆ ‘ಇದನ್ನು ತುಂಬಲು ಇಷ್ಟು ಹೊತ್ತು ಬೇಕು’ ಎಂದು ಬರೆಯುವ ರೂಢಿ ಇಲ್ಲ. ವಿಚಿತ್ರವೆಂದರೆ ಪ್ರಜೆ ಕೇಳುವ ಪ್ರಶ್ನೆಗೆ ಮಿತಿ ಇದೆ. ಕರ್ನಾಟಕದ ಮಾಹಿತಿ ಹಕ್ಕು ನಿಯಮಗಳ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲಿರಬೇಕು, ಸಾಮಾನ್ಯವಾಗಿ 150 ಪದ ದಾಟಬಾರದು. ಸರ್ಕಾರ ಪ್ರಜೆಯನ್ನು ಕೇಳುವ ಪ್ರಶ್ನೆಗಳಿಗೆ ಅಂಥ ಪದಮಿತಿ ಹಾಕಿದವರಿಲ್ಲ.

ಹಾಗೆಂದು ಕೊಟ್ಟ ಲೆಕ್ಕ ತಿರುಗಿ ನೋಡುವ ಜಾಗ ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಒಂದು ಒಳ್ಳೆಯ ಜಾಗ ಇದೆ. ಸೆಸ್ಕ್ ಪ್ರತಿ ವರ್ಷ ತನ್ನ ಹಿಂದಿನ ವರ್ಷದ ಕೆಲಸದ ಲೆಕ್ಕವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಇಡುತ್ತದೆ. ಎಷ್ಟು ಕರೆಂಟ್ ಕೊಂಡಿತು, ಯಾವ ಮೂಲದಿಂದ, ಪಂಪ್‌ಸೆಟ್ಟಿಗೆ ಎಷ್ಟು ಎಂದು ಅಂದಾಜಿಸಿತು, ದಾರಿಯಲ್ಲಿ ಎಷ್ಟು ಸೋರಿತು, ಎಲ್ಲವೂ ಅದರಲ್ಲಿ ಇರುತ್ತದೆ. ಆಯೋಗ ಗ್ರಾಹಕರಿಂದ ಆಕ್ಷೇಪಣೆ ಕರೆಯುತ್ತದೆ, ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ವಕೀಲರು ಬೇಕಾಗಿಲ್ಲ. ಕರೆಂಟ್ ಬಿಲ್ ಇರುವ ಯಾರು ಬೇಕಾದರೂ ಬರೆದು ಕೊಡಬಹುದು, ಎದ್ದು ನಿಂತು ಮಾತಾಡಬಹುದು. ರೈತ ಮುಖಂಡರೂ ಸಣ್ಣ ಉದ್ದಿಮೆದಾರರೂ ಅಲ್ಲಿ ಹೋಗಿ ಅಂಕಿಗಳ ಮೇಲೆ ಜಗ್ಗಾಡಿದ್ದುಂಟು.

ದೇವನೂರಿನ ಕಡೆಯಿಂದ ಮುಂದಿನ ವಿಚಾರಣೆಗೆ ಹೋಗುವವರಿಗೆ ಕೇಳಲು ನಾಲ್ಕು ಪ್ರಶ್ನೆಗಳಿವೆ. ಒಂದು, ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಎಷ್ಟು ಮನೆಗಳ ಮೇಲೆ ಸೋಲಾರ್ ಇದೆ, ಅವು ಲೈನಿಗೆ ಕೊಟ್ಟ ಯೂನಿಟ್ ಎಷ್ಟು? ಎರಡು, ಹಸಿರು ದರ ಆರಿಸಿಕೊಂಡ ಎಚ್‌.ಟಿ. ಗ್ರಾಹಕರು ಎಷ್ಟು, ಅವರಿಂದ ಬಂದ 50 ಪೈಸೆಯ ಮೊತ್ತ ಯಾವುದಕ್ಕೆ ಹೋಯಿತು? ಮೂರು, ಕುಸುಮ್ ಅಡಿ ಸೋಲಾರ್ ಬಂದ ಕೃಷಿ ಫೀಡರುಗಳಲ್ಲಿ ಮೀಟರ್ ತೋರಿಸಿದ್ದಕ್ಕೂ ಹಿಂದಿನ ಅಂದಾಜಿಗೂ ಎಷ್ಟು ಅಂತರ? ನಾಲ್ಕು, ಸೋಲಾರ್ ಗ್ರಾಹಕ ಒಂದೇ ವಿವರವನ್ನು ಪೋರ್ಟಲ್‌ಗೂ ಸಬ್‌ಡಿವಿಷನ್ ಕಚೇರಿಗೂ ಎರಡು ಸಲ ಕೊಡಬೇಕಾಗಿ ಬರುತ್ತಿದೆಯೇ, ಬರುತ್ತಿದ್ದರೆ ಯಾಕೆ?

ಆಕ್ಷೇಪಣೆ ಸಲ್ಲಿಸುವ ಕೊನೆಯ ದಿನವೂ ವಿಚಾರಣೆಯ ದಿನವೂ ಕನ್ನಡ ಪತ್ರಿಕೆಗಳಲ್ಲಿ ಪ್ರಕಟವಾಗುತ್ತವೆ. ಹೋಗುವವರು ಒಂದು ವರ್ಷದ ಬಿಲ್ಲುಗಳನ್ನು ಜೊತೆಗೆ ಇಟ್ಟುಕೊಂಡಿರಲಿ. ಸೋಲಾರ್ ಇದ್ದವರು ಇನ್ವರ್ಟರಿನ ತಿಂಗಳ ಅಂಕಿಯನ್ನೂ ಬರೆದುಕೊಂಡು ಬರಲಿ. ಆಗ ನಿಗಮದವರ ಲೆಕ್ಕದ ಪಕ್ಕದಲ್ಲಿ ಊರಿನವರ ಲೆಕ್ಕವೂ ಮೇಜಿನ ಮೇಲೆ ಇರುತ್ತದೆ.